ತಂಗಳನ್ನ ಕೆಡುವುದು ಬಿಸಿ ಮಾಡಿದಾಗಲ್ಲ

ಪ್ರಶ್ನೆ: ನಾವು ಐವರು ಗೆಳತಿಯರು ವಾರಕ್ಕೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತೇವೆ. ಕಳೆದ ವಾರ ನನ್ನ ಸರದಿಯಿತ್ತು. ಹಿಂದಿನ ರಾತ್ರಿ 8 ಗಂಟೆಗೆ ದೊಡ್ಡ ಪಾತ್ರೆಯಲ್ಲಿ ಮಾಡಿದ ಅನ್ನ ಅರ್ಧದಷ್ಟು ಉಳಿದಿತ್ತು. ಬಿಸಿ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡಬಾರದೆಂದು ಕೇಳಿದ್ದರಿಂದ ಮುಚ್ಚಳ ಮುಚ್ಚಿ ಒಲೆಯ ಮೇಲೆಯೇ ಬಿಟ್ಟು, ಬೆಳಿಗ್ಗೆ 6 ಗಂಟೆಗೆ ಒಳಗಿಟ್ಟೆ. ಮಧ್ಯಾಹ್ನ ತರಕಾರಿ ಸೇರಿಸಿ ಚೆನ್ನಾಗಿ ಹುರಿದು ಬಡಿಸಿದೆ. ನಿನ್ನೆಯ ಅನ್ನವೆಂದು ತಿಳಿದ ಕೂಡಲೇ ಒಬ್ಬಳು, “ಅನ್ನವನ್ನು ಮತ್ತೆ ಬಿಸಿ ಮಾಡಿದರೆ ವಿಷವಾಗುತ್ತದೆ” ಎಂದು ತಟ್ಟೆ ಸರಿಸಿದಳು. ಇನ್ನೊಬ್ಬಳು, “ನಮ್ಮಜ್ಜಿ ಜೀವನವಿಡೀ ತಂಗಳನ್ನವನ್ನೇ ಉಂಡವರು” ಎಂದಳು. ಮತ್ತೊಬ್ಬಳು, “ಇಷ್ಟು ಬಿಸಿ ಮಾಡಿದ ಮೇಲೆ ಯಾವ ಕ್ರಿಮಿಯೂ ಉಳಿಯುವುದಿಲ್ಲ” ಎಂದಳು. ಅನ್ನ ಹಳಸಿದ ವಾಸನೆಯನ್ನೂ ಬೀರುತ್ತಿರಲಿಲ್ಲ. ಆದರೆ ಊಟವಾದ ಮೂರು ಗಂಟೆಗೆ ಗೆಳತಿಯೊಬ್ಬಳಿಗೆ ನಾಲ್ಕೈದು ಬಾರಿ ವಾಂತಿಯಾಯಿತು, ಮರುದಿನ ಸುಧಾರಿಸಿಕೊಂಡಳು. ಉಳಿದ ಯಾರಿಗೂ ಏನೂ ಆಗಲಿಲ್ಲ. ಕಾರಣ ನನ್ನ ಅನ್ನವೇ? ನಾನೇನು ಶುಚಿಯಿಲ್ಲದೆ ಅಡುಗೆ ಮಾಡಿದೆನೇ? ನಮ್ಮಲ್ಲೊಬ್ಬಳು ಈಗ ಗರ್ಭಿಣಿ. ಇನ್ನು ಮುಂದೆ ಉಳಿದ ಅಡುಗೆಯನ್ನು ಅವರಿಗೆ ಬಡಿಸಲೇಬಾರದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳಿಗಿಂತ ಹೆಚ್ಚಾಗಿ ನನ್ನನ್ನು ತಟ್ಟಿದ್ದು ಅದರೊಳಗಿನ ಅಪರಾಧಿ ಭಾವ. ಪ್ರೀತಿಯಿಂದ ಮಾಡಿ ಬಡಿಸಿದ ಊಟದಿಂದ ಹತ್ತಿರದವರೊಬ್ಬರು ಮಲಗಿದರೆ ಆಗುವ ಸಂಕಟ ಸಣ್ಣದಲ್ಲ. ಆದ್ದರಿಂದ ಶುಚಿತ್ವದ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವುದರಲ್ಲಿ ಕೊಳಕಿನ ಸುಳಿವೇ ಇಲ್ಲ. ಅನ್ನದ ವಿಷಯದಲ್ಲಿ ತೊಂದರೆ ಕೊಡುವ ಜೀವಿ ಹೊರಗಿನಿಂದ ಬಂದು ಸೇರಿಕೊಂಡದ್ದಲ್ಲ, ಅಕ್ಕಿಯ ಜೊತೆಗೇ ಬಂದದ್ದು. ನೀವು ಎಷ್ಟೇ ತೊಳೆದಿದ್ದರೂ ಅದು ಪೂರ್ತಿ ಹೋಗುತ್ತಿರಲಿಲ್ಲ, ಬೇಯಿಸಿದಾಗಲೂ ಸಾಯುತ್ತಿರಲಿಲ್ಲ. ತಪ್ಪಾಗಿರುವುದು ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗಿನ ಹತ್ತು ಗಂಟೆಗಳಲ್ಲಿ. ಆ ತಪ್ಪಿಗೂ ಒಂದು ಹಳೆಯ ನಂಬಿಕೆಯೇ ಕಾರಣ; ಅದರ ವಿಚಾರವನ್ನು ಮುಂದೆ ಹೇಳುತ್ತೇನೆ.

ಆ ಜೀವಿಯ ಹೆಸರು ಬ್ಯಾಸಿಲಸ್ ಸೆರಿಯಸ್. ಇದು ಮಣ್ಣಿನಲ್ಲಿ ಎಲ್ಲೆಡೆ ಇರುವ ಬ್ಯಾಕ್ಟೀರಿಯಾ. ಪರಿಸ್ಥಿತಿ ಪ್ರತಿಕೂಲವಾದಾಗ ಇದು ಗಟ್ಟಿ ಕವಚದೊಳಗೆ ಮುದುಡಿ ಬೀಜಕವಾಗುತ್ತದೆ. ಒಣಗಿದ ಬೀಜ ವರ್ಷಗಟ್ಟಲೆ ಕಣಜದಲ್ಲಿದ್ದು ನೀರು ಸಿಕ್ಕ ಕೂಡಲೇ ಮೊಳೆಯುವಂತೆ, ಈ ಬೀಜಕಗಳೂ ಅಕ್ಕಿಕಾಳಿಗೆ ಅಂಟಿಕೊಂಡು ಸುಮ್ಮನೆ ಕಾಯುತ್ತಿರುತ್ತವೆ. ನೀವು ಅನ್ನ ಬೇಯಿಸಿದಾಗ ಅಕ್ಕಿಯಲ್ಲಿದ್ದ ಬೇರೆ ಸೂಕ್ಷ್ಮಾಣುಗಳೆಲ್ಲ ಬಹುತೇಕ ಸಾಯುತ್ತವೆ, ಈ ಬೀಜಕಗಳಲ್ಲಿ ಕೆಲವು ಉಳಿಯುತ್ತವೆ. ಬೆಂದ ಅನ್ನದಲ್ಲಿ ಅವುಗಳಿಗೆ ಬೇಕಾದ ತೇವವಿದೆ, ಪಿಷ್ಟವಿದೆ, ತೊಂದರೆ ಕೊಡುವ ಹುಳಿ ಇಲ್ಲ, ಪೈಪೋಟಿಗೆ ಬೇರೆ ಜೀವಿಗಳೂ ಇಲ್ಲ. ಅನ್ನ ಬೆಚ್ಚಗಿನ ಹಂತಕ್ಕೆ ಇಳಿದೊಡನೆ ಬೀಜಕಗಳು ಮೊಳೆತು ಬೆಳೆಯತೊಡಗುತ್ತವೆ. ಸುಮಾರು 30ರಿಂದ 37 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಬಹಳ ಹಿತ.

ಬ್ಯಾಕ್ಟೀರಿಯಾಗಳ ಬೆಳವಣಿಗೆಯ ಲೆಕ್ಕವನ್ನು ಒಮ್ಮೆ ಕೂತು ಮಾಡಿ ನೋಡಬೇಕು. ಅನುಕೂಲಕರ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ ಎಂದುಕೊಳ್ಳೋಣ. ಒಂದು ಗಂಟೆಗೆ ಎಂಟು, ನಾಲ್ಕು ಗಂಟೆಗೆ 4,096, ಎಂಟು ಗಂಟೆಗೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು. ನಿಜವಾದ ಪಾತ್ರೆಯಲ್ಲಿ ಬೀಜಕ ಮೊಳೆಯುವುದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ, ಅನ್ನ ತಣಿಯುತ್ತಾ ಹೋದಂತೆ ವೇಗವೂ ಕುಗ್ಗುತ್ತದೆ. ಆದ್ದರಿಂದ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ. ಆದರೆ ಮೊದಲ ಒಂದೆರಡು ಗಂಟೆಗಳಲ್ಲಿ ಏನೂ ಆಗದಂತಿದ್ದು, ಆಮೇಲೆ ಎಲ್ಲವೂ ಒಮ್ಮೆಲೇ ಆಗುವುದು ಈ ಕಾರಣದಿಂದಲೇ. ಸಾಮಾನ್ಯವಾಗಿ ಒಂದು ಗ್ರಾಂ ಆಹಾರದಲ್ಲಿ ಇವುಗಳ ಸಂಖ್ಯೆ ಲಕ್ಷ ದಾಟಿದಾಗ ಕಾಯಿಲೆಯ ಸಾಧ್ಯತೆಯನ್ನು ನಾವು ಗಂಭೀರವಾಗಿ ಪರಿಗಣಿಸುತ್ತೇವೆ.

ಈಗ ನಿಮ್ಮ ಊಟದ ಮನೆಯಲ್ಲಿ ನಡೆದ ಚರ್ಚೆಗೆ ಬರೋಣ. “ಚೆನ್ನಾಗಿ ಬಿಸಿ ಮಾಡಿದ ಮೇಲೆ ಯಾವ ಕ್ರಿಮಿಯೂ ಉಳಿಯುವುದಿಲ್ಲ” ಎಂದ ಗೆಳತಿಯ ಮಾತು ಕೇಳಲು ಅತ್ಯಂತ ಸಮಂಜಸವಾಗಿದೆ, ನನ್ನ ಅನುಭವದಲ್ಲಿ ಅತಿ ಹೆಚ್ಚು ಮೋಸ ಮಾಡುವ ಮಾತೂ ಇದೇ. ಕ್ರಿಮಿ ಸಾಯುತ್ತದೆ ಎಂಬುದು ಬಹುಮಟ್ಟಿಗೆ ನಿಜ. ಆದರೆ ಬ್ಯಾಸಿಲಸ್ ಸೆರಿಯಸ್‌ನ ಕೆಲವು ತಳಿಗಳು ಅನ್ನದಲ್ಲಿ ಬೆಳೆಯುವಾಗಲೇ ಸೆರಿಯುಲೈಡ್ ಎಂಬ ವಿಷವನ್ನು ಅದರಲ್ಲಿ ಬಿಡುತ್ತವೆ. ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ತನ್ನ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಪ್ರೆಷರ್ ಕುಕ್ಕರಿನ ಒಳಗಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಅಂದಮೇಲೆ ಬಾಣಲೆಯಲ್ಲಿ ಹತ್ತು ನಿಮಿಷ ಹುರಿದದ್ದರಿಂದ ಅದಕ್ಕೇನೂ ಆಗದು. ಬೆಂಕಿ ವಿಷವನ್ನು ತಯಾರಿಸಿದವರನ್ನು ಕೊಲ್ಲುತ್ತದೆ, ಅವರು ಬಿಟ್ಟುಹೋದ ವಿಷವನ್ನಲ್ಲ. ಮಸಾಲೆ, ಉಪ್ಪು, ನಿಂಬೆರಸ, ಬಿಸಿ ಎಣ್ಣೆ ಇವು ಯಾವುವೂ ಅದನ್ನು ತೆಗೆಯುವುದಿಲ್ಲ. ಅನ್ನವನ್ನು ಮತ್ತೆ ತೊಳೆದರೂ ಪ್ರಯೋಜನವಿಲ್ಲ.

ಇಲ್ಲಿಯೇ ತಟ್ಟೆ ಸರಿಸಿದ ಗೆಳತಿಯ ಮಾತಿಗೂ ಉತ್ತರ ಸಿಗುತ್ತದೆ. ಆ ದಿನ ಆಕೆ ಮಾಡಿದ್ದು ಸರಿ, ಕೊಟ್ಟ ಕಾರಣ ತಪ್ಪು. ಮತ್ತೆ ಬಿಸಿ ಮಾಡುವುದರಿಂದ ಅನ್ನದಲ್ಲಿ ಯಾವ ವಿಷವೂ ಹುಟ್ಟುವುದಿಲ್ಲ. ಬೇಗ ತಣಿಸಿ, ಫ್ರಿಜ್ಜಿನಲ್ಲಿಟ್ಟು, ಮರುದಿನ ಹಬೆಯಾಡುವಂತೆ ಬಿಸಿ ಮಾಡಿದ ಅನ್ನವನ್ನು ನಾನೂ ನನ್ನ ಮನೆಯಲ್ಲಿ ನಿಶ್ಚಿಂತೆಯಿಂದ ಊಟ ಮಾಡುತ್ತೇನೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಹುರಿದ ಅನ್ನ ತಿಂದವರಲ್ಲಿ ವಾಂತಿಯ ಪ್ರಕರಣಗಳು ಸಾಲಾಗಿ ಕಾಣಿಸಿಕೊಂಡಾಗ ಈ ಸಂಬಂಧ ಮೊದಲು ಸ್ಪಷ್ಟವಾಯಿತು. ಅಲ್ಲಿಯೂ ದೋಷ ಹುರಿದದ್ದರಲ್ಲಿ ಇರಲಿಲ್ಲ. ಹುರಿಯುವುದಕ್ಕೆಂದು ಮೊದಲೇ ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟದ್ದರಲ್ಲಿ ಇತ್ತು. ಜನರ ನೆನಪಿನಲ್ಲಿ ಮಾತ್ರ “ಮತ್ತೆ ಬಿಸಿ ಮಾಡಿದ ಅನ್ನ” ಎಂಬ ಮಾತೇ ಉಳಿಯಿತು.

ಅಜ್ಜಿಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹೊರಗೆ ಉಳಿದ ಎಲ್ಲ ಅನ್ನದಲ್ಲೂ ವಿಷವಾಗುವುದಿಲ್ಲ, ಏಕೆಂದರೆ ಈ ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ಸೆರಿಯುಲೈಡ್ ತಯಾರಿಸುವುದಿಲ್ಲ. ಉಳಿಯುತ್ತಿದ್ದ ಪ್ರಮಾಣ ಸಣ್ಣದಾಗಿದ್ದರೆ ಅದು ಬೇಗ ತಣಿಯುತ್ತಿತ್ತು. ಆಗಾಗ ಹೊಟ್ಟೆ ಕೆಟ್ಟಿದ್ದರೂ ಯಾರೂ ಅದನ್ನು ಹಿಂದಿನ ರಾತ್ರಿಯ ಅನ್ನದ ಲೆಕ್ಕಕ್ಕೆ ಬರೆದಿರಲಿಕ್ಕಿಲ್ಲ. ನೂರು ಬಾರಿ ಏನೂ ಆಗದಿರುವುದು ನೂರೊಂದನೆಯ ಬಾರಿಗೆ ಕೊಟ್ಟ ಭರವಸೆಯಲ್ಲ. 2008ರಲ್ಲಿ ಬೆಲ್ಜಿಯಂನಲ್ಲಿ 20 ವರ್ಷದ ಆರೋಗ್ಯವಂತ ಯುವಕನೊಬ್ಬ ಐದು ದಿನ ಹೊರಗೇ ಇಟ್ಟಿದ್ದ ಸ್ಪಾಗೆಟಿಯನ್ನು ಬಿಸಿ ಮಾಡಿ ತಿಂದು, ಅದೇ ರಾತ್ರಿ ತೀರಿಕೊಂಡ. ಇಂಥ ಸಾವು ಅತ್ಯಂತ ಅಪರೂಪ. ಹೆದರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಬಿಸಿ ಮಾಡಿದ್ದು ಆತನನ್ನು ಕಾಪಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಹೇಳುತ್ತಿದ್ದೇನೆ.

ವಾಸನೆಯ ವಿಚಾರವೂ ಹೀಗೆಯೇ. ಅನ್ನ ಲೋಳೆಯಾಗುವುದು, ಹುಳಿ ವಾಸನೆ ಬರುವುದು, ಬೂಸ್ಟು ಹಿಡಿಯುವುದು ಬಹುಪಾಲು ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳ ಕೆಲಸ. ನಮ್ಮನ್ನು ಕಾಯಿಲೆಗೆ ಬೀಳಿಸುವ ಜೀವಿಗಳು ಅವುಗಳಿಗಿಂತ ಬೇರೆಯಾಗಿರಬಹುದು, ಮತ್ತು ಅವು ಬಿಡುವ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಲೇಬೇಕೆಂದಿಲ್ಲ. ಹಳಸಿದ ವಾಸನೆ ಬಂದರೆ ಎಸೆಯಬೇಕು ಎಂಬುದು ಸರಿ, ವಾಸನೆ ಬಾರದಿದ್ದರೆ ತಿನ್ನಬಹುದು ಎಂಬುದು ಸರಿಯಲ್ಲ. ಒಂದು ತುತ್ತು ಬಾಯಿಗೆ ಹಾಕಿ ಪರೀಕ್ಷಿಸುವುದಂತೂ ಪರೀಕ್ಷೆಯೇ ಅಲ್ಲ.

ಇನ್ನು ಎಲ್ಲಕ್ಕೂ ಮೂಲವಾದ ನಂಬಿಕೆ: ಬಿಸಿ ಪದಾರ್ಥವನ್ನು ಫ್ರಿಜ್ಜಿನಲ್ಲಿ ಇಡಬಾರದು ಎಂಬುದು. ವಿದ್ಯುತ್ ಫ್ರಿಜ್ಜು ಬರುವ ಮೊದಲು ಕೆಲವು ದೇಶಗಳಲ್ಲಿ ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳಲ್ಲಿ ಆಹಾರ ಇಡುತ್ತಿದ್ದ ಕಾಲದಲ್ಲಿ ಇದು ಸರಿಯಾದ ಮಾತಾಗಿತ್ತು, ಏಕೆಂದರೆ ಬಿಸಿ ಪಾತ್ರೆ ಇಟ್ಟರೆ ಮಂಜು ಕರಗಿಹೋಗುತ್ತಿತ್ತು. ಇಂದಿನ ಫ್ರಿಜ್ಜಿನಲ್ಲೂ ಈ ಮಾತಿಗೆ ಒಂದಿಷ್ಟು ಹುರುಳಿದೆ: ಕುದಿಯುವ ದೊಡ್ಡ ಪಾತ್ರೆಯನ್ನು ನೇರವಾಗಿ ಒಳಗಿಟ್ಟರೆ ಪಕ್ಕದ ಹಾಲು, ಮಾಂಸಗಳೂ ಬೆಚ್ಚಗಾಗುತ್ತವೆ, ಆ ಪಾತ್ರೆಯ ನಡುಭಾಗವೂ ಬೇಗ ತಣಿಯುವುದಿಲ್ಲ. ಆದರೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದ, ಇನ್ನೂ ಉಗುರುಬೆಚ್ಚಗಿರುವ ಆಹಾರದಿಂದ ಫ್ರಿಜ್ಜಿಗೆ ಯಾವ ಹಾನಿಯೂ ಇಲ್ಲ. ಪೂರ್ತಿ ತಣ್ಣಗಾಗಲಿ ಎಂದು ಕಾಯುವುದರಿಂದ ಹೆಚ್ಚೆಂದರೆ ಸ್ವಲ್ಪ ವಿದ್ಯುತ್ ಉಳಿಯುತ್ತದೆ, ಅದರ ಬೆಲೆಯನ್ನು ಮಾತ್ರ ಹೊಟ್ಟೆ ತೆರಬೇಕಾಗುತ್ತದೆ.

ತಣಿಯುವುದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಇಡೀ ಸಮಸ್ಯೆ ನಿಂತಿರುವುದು ಇದರ ಮೇಲೆ. ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವಾಗ ನಾನು ಮಾಡಿ ತೋರಿಸುವ ಒಂದು ಪ್ರಯೋಗವಿದೆ. ಆಳವಾದ ಪಾತ್ರೆಯ ತುಂಬ ಅನ್ನ ಮಾಡಿ, ಮುಚ್ಚಿಟ್ಟು, ನಾಲ್ಕು ಗಂಟೆ ಬಿಟ್ಟು ಮುಚ್ಚಳ ತೆಗೆಯುತ್ತೇವೆ. ಮುಚ್ಚಳದ ಒಳಮೈಯಿಂದ ನೀರಿನ ಹನಿಗಳು ಅನ್ನದ ಮೇಲೆ ತೊಟ್ಟಿಕ್ಕುತ್ತವೆ. ಮೇಲಿನ ಅಗುಳುಗಳನ್ನು ಮುಟ್ಟಿದರೆ ತಣ್ಣಗಿರುತ್ತವೆ, ಎಲ್ಲರೂ “ಆರಿದೆ” ಎನ್ನುತ್ತಾರೆ. ಆಮೇಲೆ ಥರ್ಮಾಮೀಟರಿನ ಕಡ್ಡಿಯನ್ನು ಪಾತ್ರೆಯ ನಡುವಿಗೆ ಇಳಿಸುತ್ತೇನೆ. ಕಳೆದ ಬಾರಿ ಅದು 41 ಡಿಗ್ರಿ ತೋರಿಸಿತ್ತು. ಕೈಗೆ ತಣ್ಣಗೆ ಕಂಡ ಪಾತ್ರೆಯ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದಂಥ ಕಾವು ಗಂಟೆಗಟ್ಟಲೆ ಉಳಿದಿರುತ್ತದೆ. ಅನ್ನದ ಮೂಲಕ ಶಾಖ ಬಹಳ ನಿಧಾನವಾಗಿ ಹೊರಬರುತ್ತದೆ. ಸ್ಥೂಲವಾಗಿ ಹೇಳುವುದಾದರೆ ದಪ್ಪ ಎರಡರಷ್ಟಾದರೆ ನಡುಭಾಗ ತಣಿಯುವ ಸಮಯ ನಾಲ್ಕರಷ್ಟಾಗುತ್ತದೆ. ಇದೇ ಮಾತನ್ನು ತಿರುಗಿಸಿ ಹೇಳಿದರೆ ಪರಿಹಾರವೂ ಸಿಕ್ಕಿತು: ದಪ್ಪವನ್ನು ಅರ್ಧಕ್ಕಿಳಿಸಿದರೆ ಸಮಯ ಕಾಲುಭಾಗಕ್ಕೆ ಇಳಿಯುತ್ತದೆ.

ಆಹಾರ ಸುರಕ್ಷತೆಯಲ್ಲಿ 5ರಿಂದ 60 ಡಿಗ್ರಿಯವರೆಗಿನ ಅಂತರವನ್ನು ಅಪಾಯದ ವಲಯವೆಂದು ಕರೆಯುತ್ತೇವೆ. ಬೇಯಿಸಿದ ಆಹಾರ ಒಂದೋ ಅದರ ಮೇಲಿರಬೇಕು, ಇಲ್ಲವೇ ಅದರ ಕೆಳಗಿರಬೇಕು, ನಡುವಿನ ಅಂತರವನ್ನು ಬೇಗ ದಾಟಬೇಕು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸುತ್ತಲಿನ ಶಾಖ 32 ಡಿಗ್ರಿ ಮೀರಿದ್ದರೆ ಆ ಅವಧಿಯನ್ನು ಒಂದು ಗಂಟೆಗೆ ಇಳಿಸಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅನ್ನದ ವಿಷಯದಲ್ಲಿ ಬ್ರಿಟನ್ನಿನ ಸಲಹೆ ಇನ್ನೂ ಬಿಗಿ: ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗೆ ಸೇರಿಸಬೇಕು, ಒಂದು ದಿನದೊಳಗೆ ಉಂಡು ಮುಗಿಸಬೇಕು, ಒಂದಕ್ಕಿಂತ ಹೆಚ್ಚು ಬಾರಿ ಬಿಸಿ ಮಾಡಬಾರದು. ಅನ್ನಕ್ಕೆ ನಾನು ಈ ಬಿಗಿಯಾದ ಸಲಹೆಯನ್ನೇ ಪಾಲಿಸುತ್ತೇನೆ. ಇತರ ಬೇಯಿಸಿದ ಅಡುಗೆಗಳನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಡುವುದಕ್ಕೆ ನನ್ನ ಅಡ್ಡಿಯಿಲ್ಲ.

ನಿಮ್ಮ ಗೆಳತಿಗೆ ಆದದ್ದು ಇದೇನಾ ಎಂದು ಕೇಳಿದ್ದೀರಿ. ಊಟದ ನಂತರ ಒಂದರಿಂದ ಐದಾರು ಗಂಟೆಯೊಳಗೆ ವಾಂತಿ ಆರಂಭವಾಗಿ, ಒಂದು ದಿನದೊಳಗೆ ತಾನಾಗಿಯೇ ನಿಲ್ಲುವುದು ಸೆರಿಯುಲೈಡ್‌ನ ಸಾಮಾನ್ಯ ಲಕ್ಷಣ. ಹತ್ತು ಗಂಟೆ ಹೊರಗಿದ್ದ ಅನ್ನ, ಮೂರು ಗಂಟೆಗೆ ವಾಂತಿ, ಮರುದಿನಕ್ಕೆ ಚೇತರಿಕೆ ಇವು ಮೂರೂ ಒಂದಕ್ಕೊಂದು ಹೊಂದುತ್ತವೆ. ಆದರೆ ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಬೆರಳಿನ ಗಾಯದಲ್ಲಿ ಇರುತ್ತದೆ. ಅದರ ವಿಷವೂ ಶಾಖಕ್ಕೆ ಜಗ್ಗುವುದಿಲ್ಲ, ಅದರಿಂದಲೂ ಇಷ್ಟೇ ಬೇಗ ವಾಂತಿಯಾಗುತ್ತದೆ. ನೊರೊವೈರಸ್ ಸೋಂಕಿನಲ್ಲೂ ಜೋರಾಗಿ ವಾಂತಿಯಾಗುತ್ತದೆ, ಆದರೆ ಅದು ಸಾಮಾನ್ಯವಾಗಿ 12ರಿಂದ 48 ಗಂಟೆ ಮೊದಲೇ ದೇಹ ಸೇರಿರುತ್ತದೆ. ಅಂದರೆ ನಿಮ್ಮ ಮನೆಗೆ ಬರುವ ಮೊದಲೇ ಆಕೆಗೆ ಅದು ತಗುಲಿದ್ದಿರಬಹುದು. ಉಳಿದ ಅನ್ನವನ್ನು ಪರೀಕ್ಷೆಗೆ ಕಳುಹಿಸದೆ ಇವುಗಳಲ್ಲಿ ಒಂದನ್ನು ಖಚಿತವಾಗಿ ಹೇಳುವುದು ಸಾಧ್ಯವಿಲ್ಲ. ಉಳಿದವರಿಗೆ ಏನೂ ಆಗಲಿಲ್ಲ ಎಂಬುದು ಅನ್ನವನ್ನು ನಿರ್ದೋಷಿಯನ್ನಾಗಿ ಮಾಡುವುದಿಲ್ಲ. ಪಾತ್ರೆಯ ಅಂಚಿನ ಅನ್ನ ಬೇಗ ತಣಿದಿರುತ್ತದೆ, ನಡುವಿನದು ತಡವಾಗಿ; ಯಾರ ತಟ್ಟೆಗೆ ಯಾವ ಭಾಗ ಹೋಯಿತು, ಯಾರು ಎಷ್ಟು ತಿಂದರು ಎಂಬುದರ ಮೇಲೆ ಪರಿಣಾಮ ಬದಲಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅನುಮಾನ ಅನ್ನದ ಮೇಲೆ ಹೆಚ್ಚು ಬೀಳುತ್ತದೆ ಎಂದೇ ಹೇಳಬೇಕಾಗುತ್ತದೆ.

ಇಂಥ ವಾಂತಿಗೆ ಹೆಚ್ಚಿನವರಿಗೆ ವಿಶ್ರಾಂತಿ ಮತ್ತು ಸ್ವಲ್ಪಸ್ವಲ್ಪವಾಗಿ ಕುಡಿಸುವ ಓಆರ್‌ಎಸ್ ನೀರು ಸಾಕಾಗುತ್ತದೆ. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಬಹಳ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ 39 ಡಿಗ್ರಿ ಸಮೀಪಿಸಿದರೆ, ಕಣ್ಣು ಹಳದಿಯಾದರೆ ಅಥವಾ ಮಂಪರು ಕವಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮಕ್ಕಳು, ವೃದ್ಧರು, ಗರ್ಭಿಣಿಯರ ವಿಷಯದಲ್ಲಿ ಇಷ್ಟರವರೆಗೆ ಕಾಯುವುದೂ ಬೇಡ.

ಮುಂದಿನ ಸರದಿಗೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ಎಲ್ಲಕ್ಕಿಂತ ಸರಳವಾದದ್ದು ಅಂದಿನ ಅನ್ನವನ್ನು ಅಂದೇ, ಬೇಕಾದಷ್ಟೇ ಮಾಡುವುದು. ಇದರಲ್ಲಿ ಅಪಾಯವಿಲ್ಲ, ಆದರೆ ಐದು ಜನರಿಗೆ ಮೂರು ನಾಲ್ಕು ಬಗೆ ಮಾಡುವ ದಿನ ಇದು ಹೊರೆಯಾಗುತ್ತದೆ. ಎರಡನೆಯದು, ಮಾಡಿದ ಅನ್ನವನ್ನು ಬಡಿಸುವವರೆಗೂ 60 ಡಿಗ್ರಿಗಿಂತ ಮೇಲೆಯೇ ಇರಿಸುವುದು. ವಿದ್ಯುತ್ ರೈಸ್ ಕುಕ್ಕರಿನ ‘ವಾರ್ಮ್’ ವ್ಯವಸ್ಥೆ ಸರಿಯಾಗಿದ್ದರೆ ಇದು ಕೆಲವು ಗಂಟೆಗಳ ಮಟ್ಟಿಗೆ ಸಾಧ್ಯ, ಅನ್ನ ಮಾತ್ರ ತಳದಲ್ಲಿ ಒಣಗುತ್ತದೆ. ಹಾಟ್‌ಬಾಕ್ಸ್ ಈ ಕೆಲಸ ಮಾಡುತ್ತದೆಂದು ಬಹಳ ಜನ ನಂಬಿದ್ದಾರೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸೋರುವುದನ್ನು ನಿಧಾನಗೊಳಿಸುತ್ತದೆ ಅಷ್ಟೇ. ಒಂದೆರಡು ಗಂಟೆಯೊಳಗೆ ಬಡಿಸುವುದಾದರೆ ಅದು ಒಳ್ಳೆಯದು; ರಾತ್ರಿಯಿಡೀ ಬಿಟ್ಟರೆ ಅನ್ನವನ್ನು ಬೆಚ್ಚಗಿನ ಅಪಾಯದ ವಲಯದಲ್ಲೇ ಜೋಪಾನವಾಗಿ ಕಾಯ್ದಿಡುತ್ತದೆ.

ಮೂರನೆಯದು, ನಾನು ಹೆಚ್ಚಾಗಿ ಸಲಹೆ ಮಾಡುವ ದಾರಿ. ಊಟ ಮುಗಿದ ಕೂಡಲೇ, ಪಾತ್ರೆ ತೊಳೆಯುವ ಮೊದಲು, ಉಳಿದ ಅನ್ನವನ್ನು ಶುಚಿಯಾದ ಚಮಚದಿಂದ ಅಗಲವಾದ ತಟ್ಟೆಗೆ ತೆಗೆದು, 5 ಸೆಂಟಿಮೀಟರಿಗಿಂತ ಕಡಿಮೆ ದಪ್ಪಕ್ಕೆ ಹರಡಬೇಕು. ಆ ತಟ್ಟೆಯನ್ನು ತಣ್ಣೀರು ಹಾಕಿದ ಇನ್ನೊಂದು ಅಗಲ ಪಾತ್ರೆಯಲ್ಲಿ ಕೂರಿಸಿದರೆ ಅರ್ಧ ಗಂಟೆಯೊಳಗೆ ಅನ್ನದ ಬಿಸಿ ಇಳಿಯುತ್ತದೆ. ಹಬೆ ಏಳುವುದು ನಿಂತ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು, ಸುತ್ತ ಗಾಳಿಯಾಡಲು ಜಾಗ ಬಿಡಬೇಕು. ಫ್ರಿಜ್ಜು 5 ಡಿಗ್ರಿಗಿಂತ ಕೆಳಗಿದೆಯೇ ಎಂದು ತಿಳಿಯಲು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಕಳೆದ ಮೇಲೆ ನೋಡಿ. ಗುಂಡಿಯ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. ಮರುದಿನ ಬಡಿಸುವಷ್ಟನ್ನೇ ತೆಗೆದು, ಒಂದೆರಡು ಚಮಚ ನೀರು ಚಿಮುಕಿಸಿ, ಎಲ್ಲ ಕಡೆಯಿಂದ ಹಬೆ ಏಳುವವರೆಗೆ, ಅಂದರೆ ನಡುಭಾಗ ಸುಮಾರು 74 ಡಿಗ್ರಿ ತಲುಪುವವರೆಗೆ, ಬಿಸಿ ಮಾಡಬೇಕು. ಮೈಕ್ರೋವೇವ್ ಒಂದೆಡೆ ಸುಡುವಷ್ಟು ಬಿಸಿ ಮಾಡಿ ಪಕ್ಕದಲ್ಲೇ ತಣ್ಣಗೆ ಬಿಡುತ್ತದೆ, ಆದ್ದರಿಂದ ನಡುವೆ ಒಮ್ಮೆ ಕಲಸಿ, ತೆಗೆದ ಮೇಲೂ ಒಂದೆರಡು ನಿಮಿಷ ಮುಚ್ಚಿಡುವುದು ಅಗತ್ಯ. ಫ್ರಿಜ್ಜಿನಲ್ಲಿ ಈ ಬ್ಯಾಕ್ಟೀರಿಯಾದ ಬೆಳವಣಿಗೆ ಬಹಳ ನಿಧಾನವಾಗುತ್ತದೆ, ಪೂರ್ತಿ ನಿಲ್ಲುತ್ತದೆಂದು ಎಣಿಸಬಾರದು. ಒಂದು ದಿನದ ಮಿತಿ ಇರುವುದು ಅದಕ್ಕೇ.

ಹೆಚ್ಚು ದಿನ ಇಡಬೇಕಾದರೆ, ಇದೇ ರೀತಿ ತಣಿಸಿದ ಅನ್ನವನ್ನು ತೆಳುವಾದ ಪೊಟ್ಟಣಗಳಾಗಿ ಮಾಡಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಡಬಹುದು. ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಆದ್ದರಿಂದ ಹೊರಗೆ ತೆಗೆದು ಕರಗಲು ಬಿಡದೆ ನೇರವಾಗಿ ಬಿಸಿ ಮಾಡಬೇಕು. ಕಾಳು ಮತ್ತು ಮಾಂಸದ ಗಟ್ಟಿ ಅಡುಗೆಗಳಿಗೂ ಇದೇ ಎಚ್ಚರ ಬೇಕು. ಅವುಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬೀಜಕಧಾರಿ ದೊಡ್ಡ ಪಾತ್ರೆಯ ನಡುವೆ, 43ರಿಂದ 45 ಡಿಗ್ರಿಯಲ್ಲಿ, ಅನ್ನದ ಬ್ಯಾಕ್ಟೀರಿಯಾಕ್ಕಿಂತಲೂ ವೇಗವಾಗಿ ಬೆಳೆಯುತ್ತದೆ.

ಗರ್ಭಿಣಿ ಗೆಳತಿಯ ವಿಷಯದಲ್ಲಿ ಒಂದು ವಿಶೇಷ ಮಾತಿದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ತಾಯಿಗೆ ಸಣ್ಣ ಜ್ವರದಂತೆ ಬಂದು ಹೋದರೂ ಮಗುವಿಗೆ ಗಂಭೀರ ಹಾನಿ ಮಾಡಬಲ್ಲದು. ಸಮಾಧಾನದ ಸಂಗತಿಯೆಂದರೆ ಅದು ಬೀಜಕವಾಗುವುದಿಲ್ಲ, ಸರಿಯಾದ ಬಿಸಿಗೆ ಸಾಯುತ್ತದೆ. ಆದ್ದರಿಂದ ಆಕೆಗೆ ಫ್ರಿಜ್ಜಿನಿಂದ ತೆಗೆದ ಯಾವ ಅಡುಗೆಯನ್ನೂ ತಣ್ಣಗೆ ಬಡಿಸಬೇಡಿ. ಆಗತಾನೇ ಮಾಡಿದ್ದನ್ನು ಬಡಿಸುವುದು ಉತ್ತಮ. ಇಲ್ಲವಾದರೆ ಆಕೆಯ ಪಾಲನ್ನು ಹಬೆಯಾಡುವಂತೆ ಬಿಸಿ ಮಾಡಿ ಕೂಡಲೇ ಕೊಡಿ.

ಬಡಿಸಲೇಬಾರದೇ ಎಂದು ಕೇಳಿದಿರಿ. ಬಡಿಸಬಹುದು, ಆದರೆ ಮುಚ್ಚಿಡದೆ ಬಡಿಸಿ. ಡಬ್ಬಿಯ ಮುಚ್ಚಳದ ಮೇಲೆ ಒಂದು ತುಂಡು ಕಾಗದ ಅಂಟಿಸಿ, ಬೇಯಿಸಿದ ಗಂಟೆ ಮತ್ತು ಫ್ರಿಜ್ಜಿಗೆ ಇಟ್ಟ ಗಂಟೆ ಎರಡನ್ನೂ ಬರೆದಿಡುವುದು ನಮ್ಮ ಮನೆಯ ಅಭ್ಯಾಸ. ಎರಡರ ನಡುವಿನ ಅಂತರ ಒಂದು ಗಂಟೆಯೊಳಗಿದ್ದರೆ ತಟ್ಟೆ ಸರಿಸಿದ ಗೆಳತಿಗೆ ಆ ಕಾಗದವನ್ನೇ ತೋರಿಸಿ. ರಾತ್ರಿಯಿಡೀ ಹೊರಗುಳಿದಿದ್ದರೆ ಅದನ್ನು ಮೂಸಿ ನೋಡಬೇಡಿ, ಹುರಿಯಲೂ ಬೇಡಿ. ಎಸೆದು, ಹೊಸದಾಗಿ ಒಂದು ಪಾವು ಅಕ್ಕಿ ತೊಳೆದಿಡಿ.